ಫ್ರಾನ್ಸ್ ಅಧ್ಯಕ್ಷ ಬಂದರೆ ಡಬ್ಲಿನ್ ಜನಕ್ಕೆ ಯಾಕೆ ಸಿಟ್ಟು?

ಗೋಣಿಕೊಪ್ಪ_ಹುಡುಗ:
ಕಾಲೇಜಿನ ಚರ್ಚಾ ಸ್ಪರ್ಧೆಗೆ ಓದುತ್ತಿದ್ದೇನೆ, ವಿಷಯ ಯುರೋಪಿಯನ್ ಒಕ್ಕೂಟ. ಮೂರು ದಿನದಿಂದ ಕರೆಂಟಿಲ್ಲ, ಅಪ್ಪನ ಜೀಪಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. 2008ರ ಜುಲೈ 21ರಂದು ಆಗಿನ ಫ್ರಾನ್ಸ್ ಅಧ್ಯಕ್ಷ ಸಾರ್ಕೋಜಿ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ಹೋದಾಗ ಸರ್ಕಾರಿ ಕಚೇರಿ ಎದುರು ಜನ ಫಲಕ ಹಿಡಿದು ಕೂಗಾಡಿದರಂತೆ. ನನಗೆ ತಲೆಗೆ ಹೋಗದ ವಿಷಯ ಇದೇ. ಫ್ರಾನ್ಸಿಗೂ ಐರ್ಲೆಂಡಿಗೂ ಗಡಿ ಜಗಳ ಇಲ್ಲ, ನೀರಿನ ಜಗಳ ಇಲ್ಲ. ಆಮೇಲೆ ರೈತರೂ ಇದ್ದರಂತೆ, ಅವರಿಗೇನು ಕೆಲಸ ಅಲ್ಲಿ? ನಾನು ಸದ್ಯಕ್ಕೆ "ಐರಿಷ್ ಜನ ಮೊದಲಿನಿಂದಲೂ ಯುರೋಪ್ ವಿರೋಧಿಗಳು" ಎಂದು ಬರೆದುಕೊಂಡಿದ್ದೇನೆ. ನಡೆಯುತ್ತಾ?

ವಿರಾಜಪೇಟೆಯಿಂದ_ದೂರ:
ಆ ಸಾಲು ಮೊದಲು ಹೊಡೆದು ಹಾಕಿ. ನಾನು ಆಗ ಡಬ್ಲಿನ್‌ನಲ್ಲಿ ನರ್ಸ್ ಆಗಿದ್ದೆ. ಯುರೋಪಿನ ದುಡ್ಡಲ್ಲಿ ರಸ್ತೆ ಆಯಿತು, ಊರು ಉದ್ಧಾರ ಆಯಿತು ಎಂದು ಹೇಳುವವರೇ ನನ್ನ ವಾರ್ಡಿನಲ್ಲಿ ಜಾಸ್ತಿ ಇದ್ದರು. ಅವರಲ್ಲೇ ಅರ್ಧ ಜನ ಲಿಸ್ಬನ್ ಒಪ್ಪಂದಕ್ಕೆ ಬೇಡ ಅಂದವರು.

ಕಥೆ ಹೀಗೆ. ಒಕ್ಕೂಟದ ಆಡಳಿತ ನಿಯಮ ಬದಲಿಸುವ ಒಪ್ಪಂದ ಅದು, ಎಲ್ಲ ದೇಶ ಒಪ್ಪಿದರೆ ಮಾತ್ರ ಜಾರಿ. 27 ದೇಶಗಳಲ್ಲಿ ಜನಮತ ಕೇಳಿದ್ದು ಐರ್ಲೆಂಡ್ ಒಂದೇ, ಯಾಕೆಂದರೆ 1987ರಲ್ಲಿ ಅವರ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಇಂಥ ದೊಡ್ಡ ಬದಲಾವಣೆಗೆ ಸಂವಿಧಾನ ತಿದ್ದಬೇಕು, ತಿದ್ದಬೇಕಾದರೆ ಜನರನ್ನು ಕೇಳಬೇಕು. 2008ರ ಜೂನ್ 12ರಂದು ಕೇಳಿದರು. ಶೇ 53.4 ಜನ ಬೇಡ ಅಂದರು. ಗೊತ್ತಿಲ್ಲವಾ, ಹಾಗಾದರೆ ಬೇಡ ಅನ್ನಿ ಎಂಬ ಮಾತು ಆಗ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ನಿಜ ಹೇಳಬೇಕೆಂದರೆ ಒಪ್ಪಂದ ಓದಿದವರನ್ನು ನಾನು ನೋಡಲಿಲ್ಲ.

ಜುಲೈ 1ಕ್ಕೆ ಒಕ್ಕೂಟದ ಸರದಿ ಅಧ್ಯಕ್ಷತೆ ಫ್ರಾನ್ಸಿಗೆ ಬಂತು. ಸಾರ್ಕೋಜಿ ತಮ್ಮ ಪಕ್ಷದ ಸಂಸದರ ಮುಂದೆ ಐರಿಷ್ ಜನ ಇನ್ನೊಂದು ಸಲ ವೋಟು ಹಾಕಬೇಕಾಗುತ್ತದೆ ಅಂದರು ಎಂದು ಪೇಪರಲ್ಲಿ ಬಂತು. ಅಷ್ಟೇ ಸಾಕಾಯಿತು. ಆಮೇಲೆ ಡಬ್ಲಿನ್‌ಗೆ ಬಂದು ಕೇಳಿಸಿಕೊಳ್ಳಲು ಬಂದಿದ್ದೇನೆ ಅಂದರೆ ಯಾರು ನಂಬುತ್ತಾರೆ?

ತೋಟದ_ಲೆಕ್ಕ (ಸಿದ್ದಾಪುರ):
ಅಕ್ಕ ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. 2005ರಲ್ಲಿ ಫ್ರಾನ್ಸಿನ ಜನರೇ ಯುರೋಪಿನ ಸಂವಿಧಾನ ಬೇಡ ಅಂದಿದ್ದರು, ಸುಮಾರು ಶೇ 55. ನೆದರ್ಲೆಂಡ್ಸಿನವರೂ ಬೇಡ ಅಂದರು. ಅದನ್ನೇ ಸ್ವಲ್ಪ ತಿದ್ದಿ ತೀಡಿ ಲಿಸ್ಬನ್ ಅಂತ ಹೆಸರಿಟ್ಟರು. ಈ ಸಲ ಸಾರ್ಕೋಜಿ ತಮ್ಮ ಜನರನ್ನು ಕೇಳಲೇ ಇಲ್ಲ, 2008ರ ಫೆಬ್ರುವರಿಯಲ್ಲಿ ಸಂಸತ್ತಿನಲ್ಲೇ ಮುಗಿಸಿದರು. ಸ್ವಂತ ಮನೆಯಲ್ಲಿ ಬಾಯಿ ಮುಚ್ಚಿಸಿ ಪಕ್ಕದ ಮನೆಗೆ ಬಂದು ನೀವು ಇನ್ನೊಮ್ಮೆ ಯೋಚಿಸಿ ಅಂದರೆ? ನಾನಾದರೂ ಕೊಡೆ ಹಿಡಿದುಕೊಂಡು ಹೋಗಿ ನಿಲ್ಲುತ್ತಿದ್ದೆ.

ರೈತರ ಸಿಟ್ಟು ಬೇರೆ. ಅದೇ ವಾರ ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾತುಕತೆ. ಯುರೋಪಿನ ಪರವಾಗಿ ಕೂತಿದ್ದವರು ಪೀಟರ್ ಮ್ಯಾಂಡೆಲ್ಸನ್. ಅವರು ಸುಂಕ ಇಳಿಸಲು ಒಪ್ಪಿದರೆ ಬ್ರೆಜಿಲಿನ ದನದ ಮಾಂಸ ಬಂದು ನಮ್ಮ ಬೆಲೆ ಬೀಳುತ್ತದೆ ಅಂತ ಐರಿಷ್ ರೈತರ ಭಯ. ತಮಾಷೆ ಏನೆಂದರೆ ಈ ವಿಷಯದಲ್ಲಿ ಸಾರ್ಕೋಜಿಗೂ ಮ್ಯಾಂಡೆಲ್ಸನ್‌ಗೂ ಆಗುತ್ತಿರಲಿಲ್ಲ. ವಿಯೆಟ್ನಾಂ ಮೆಣಸು ಬಂದಾಗ ನಮ್ಮವರು ಕೂಗಿದ್ದು ನೆನಪಿದೆಯಲ್ಲ, ಅದೇ ಹೊಟ್ಟೆನೋವು.

ಸುಂಟಿಕೊಪ್ಪ_7:
ಎಲ್ಲ ಒಂದೇ ಕಡೆ ವಾಲುತ್ತಿದ್ದೀರಿ, ಸುಮ್ನೆ ಒಂದು ಲೆಕ್ಕ ಹೇಳುತ್ತೇನೆ. ಬೇಡ ಅಂದವರು 8 ಲಕ್ಷ 62 ಸಾವಿರ ಜನ. ಒಕ್ಕೂಟದಲ್ಲಿ ಇದ್ದದ್ದು ಸುಮಾರು 50 ಕೋಟಿ. ಒಂದು ಸಣ್ಣ ದೇಶ ಅಡ್ಡ ಹಾಕಿದರೆ ಉಳಿದ 26 ದೇಶ ಕೈಕಟ್ಟಿ ಕೂರಬೇಕಾ? ಐನ್‌ಮನೆ, ಅಂದರೆ ಕುಲದ ಮೂಲಮನೆ, ಪಾಲಿನಲ್ಲಿ ಒಬ್ಬ ಸಹಿ ಹಾಕದೆ ಇಡೀ ಒಕ್ಕ (ಕುಲ) ಇಪ್ಪತ್ತು ವರ್ಷ ಕೋರ್ಟಿಗೆ ಅಲೆದದ್ದು ನಮ್ಮ ಮನೆಯದೇ ಕಥೆ. ಅಲ್ಲಿ ಆ ಒಬ್ಬನನ್ನು ಪ್ರಜಾಪ್ರಭುತ್ವ ಅಂತ ಯಾರೂ ಹೊಗಳುವುದಿಲ್ಲ.

ಹಳೇ_ಸಿ_ರಾಜ್ಯ:
ಐನ್‌ಮನೆ ಹೋಲಿಕೆ ಸರಿಯಿಲ್ಲ. ಒಬ್ಬೊಬ್ಬರ ಸಹಿ ಬೇಕು ಅಂತ ನಿಯಮ ಬರೆದವರೇ ಆ 27 ದೇಶದವರು. ಬರೆದ ಮೇಲೆ ಸಹಿ ಹಾಕದವನ ಮೇಲೆ ರೇಗಿದರೆ ಹೇಗೆ?

ಹೋಲಿಕೆ ಬೇಕಾದರೆ ನಮ್ಮ ಜಿಲ್ಲೆಯದೇ ಇದೆ. ಕೊಡಗು ಸಿ ದರ್ಜೆ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಪುಟ್ಟ ಪ್ರತ್ಯೇಕ ರಾಜ್ಯ ಆಗಿತ್ತು, 24 ಸೀಟಿನ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1952ರ ಚುನಾವಣೆಯಲ್ಲಿ ಮೈಸೂರಿಗೆ ಸೇರಬಾರದು ಅಂದವರು ತಕ್ಕಡಿ ಗುರುತಿನವರು. 1956ರ ನವೆಂಬರ್ 1ಕ್ಕೆ ಸೇರಿಸಿಯೇ ಬಿಟ್ಟರು. ಅದಕ್ಕೆ ಅಂತ ಬೇರೆ ಜನಮತ ನಡೆಯಲಿಲ್ಲ. ನನ್ನ ಅಜ್ಜ ಸೇರಿದ್ದು ಒಳ್ಳೆಯದೇ ಅನ್ನುತ್ತಿದ್ದರು, ಆದರೆ ಕಕ್ಕಡ ತಿಂಗಳ ಮಳೆಯಲ್ಲಿ ಒಲೆ ಮುಂದೆ ಕೂತಾಗ ಒಂದು ಮಾತು ಕೇಳಬಹುದಿತ್ತು ಅಂತಲೂ ಅನ್ನುತ್ತಿದ್ದರು. ಎರಡೂ ಅವರ ಬಾಯಿಂದಲೇ.

ತೋಟದ_ಲೆಕ್ಕ (ಸಿದ್ದಾಪುರ):
ಹೌದು ಅಣ್ಣ. ಈಗ ನಮಗೆ ಆ ವೋಟೂ ಇಲ್ಲ, ನಿಯಮ ಮಾತ್ರ ಒಕ್ಕೂಟದ ಕೇಂದ್ರ ಕಚೇರಿ ಇರುವ ಬ್ರಸೆಲ್ಸಿನಿಂದ ಬರುತ್ತದೆ. ಯುರೋಪಿಗೆ ಕಳಿಸುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಅಂತ ತೋಟದ ಜಾಗ ಗುರುತಿಸಿ ತೋರಿಸಬೇಕಂತೆ, 4 ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಲ ಗಡಿಯನ್ನೇ ಕೊಡಬೇಕು. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ, ಅಷ್ಟೇ ಸಮಾಧಾನ. ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ, ಪಹಣಿಯಲ್ಲಿ ತೀರಿಹೋದ ಮುತ್ತಜ್ಜನ ಹೆಸರು. ಮೊನ್ನೆ ಮೊಬೈಲ್ ಹಿಡಿದು ಬೇಲಿ ಸುತ್ತ ನಡೆದರೆ ಸಿಲ್ವರ್ ಓಕ್ ಕೆಳಗೆ ಸಿಗ್ನಲ್ ಹೋಗಿ ಪಕ್ಕದವರ ಗದ್ದೆಯೂ ನನ್ನ ತೋಟದೊಳಗೆ ಬಂತು. ಕಾಲಿಗೆ ಏಳು ಜಿಗಣೆ.

ಸುಂಟಿಕೊಪ್ಪ_7:
ಆ ನಿಯಮ ಕಾಡು ಉಳಿಸಲು ಅಲ್ವಾ? ನಿಮ್ಮ ನೆರಳಿನ ತೋಟಕ್ಕೆ ಅದರಿಂದ ಲಾಭವೇ.

ತೋಟದ_ಲೆಕ್ಕ (ಸಿದ್ದಾಪುರ):
ಲಾಭ ಇರಬಹುದು. ಜಿಗಣೆ ನನಗೆ ಕಚ್ಚಿದ್ದು.

ವಿರಾಜಪೇಟೆಯಿಂದ_ದೂರ:
ಹುಡುಗನ ಪ್ರಶ್ನೆಗೆ ಬರೋಣ. ಕೊನೆಗೆ ಏನಾಯಿತು ಅಂದರೆ, ಸಾರ್ಕೋಜಿ ಹೇಳಿದ್ದೇ ಆಯಿತು. 2009ರ ಅಕ್ಟೋಬರ್ 2ರಂದು, ನಮ್ಮ ಗಾಂಧಿ ಜಯಂತಿ ದಿನ, ಮತ್ತೆ ವೋಟು. ಶೇ 67.1 ಜನ ಆಗಲಿ ಅಂದರು. ನಡುವೆ ಎರಡು ವಿಷಯ ನಡೆದಿದ್ದವು. ಒಕ್ಕೂಟದ ಆಡಳಿತ ಮಂಡಳಿಯಲ್ಲಿ ಪ್ರತಿ ದೇಶಕ್ಕೂ ಒಬ್ಬ ಸದಸ್ಯ, ಅಂದರೆ ಕಮಿಷನರ್, ಇರುತ್ತಾರೆ, ನಿಮ್ಮ ತಟಸ್ಥ ನೀತಿ, ತೆರಿಗೆ, ಗರ್ಭಪಾತ ಕಾನೂನು ಮುಟ್ಟುವುದಿಲ್ಲ ಅಂತ ಭರವಸೆ ಕೊಟ್ಟರು. ಇನ್ನೊಂದು, ಬ್ಯಾಂಕುಗಳು ಬಿದ್ದವು. ನನ್ನ ಜೊತೆ ಕೆಲಸ ಮಾಡುತ್ತಿದ್ದವಳ ಗಂಡ ಕಟ್ಟಡ ಕೆಲಸ ಕಳೆದುಕೊಂಡ. ಮೊದಲ ಸಲ ಬೇಡ ಅಂದವಳು ಎರಡನೇ ಸಲ ಹೌದು ಅಂದಳು. ಭರವಸೆ ಓದಿದೆಯಾ ಅಂದೆ. ಕಂತು ಕಟ್ಟಬೇಕು ಅಂದಳು.

ಆದ್ದರಿಂದ ಭಾಷಣದಲ್ಲಿ ಜನ ಮನಸ್ಸು ಬದಲಿಸಿದರು ಅಂತಲೂ ಬರೆಯಬೇಡಿ, ಬಲವಂತ ಮಾಡಿದರು ಅಂತಲೂ ಬರೆಯಬೇಡಿ.

ಗೋಣಿಕೊಪ್ಪ_ಹುಡುಗ:
ಹಾಗಾದರೆ ಏನು ಬರೆಯಲಿ ಅಕ್ಕ, ನನಗಿರುವುದು ನಾಲ್ಕು ನಿಮಿಷ! ಸರಿ, ಮೊದಲ ಸಾಲು ಹೊಡೆದಿದ್ದೇನೆ. 2005ರ ಫ್ರಾನ್ಸ್ ವಿಷಯದಿಂದ ಶುರು ಮಾಡುತ್ತೇನೆ, ನಿಮ್ಮ ಗೆಳತಿಯ ಕಂತು ಕೊನೆಗೆ. ಚಾರ್ಜ್ 6 ಪರ್ಸೆಂಟ್ ಇದೆ, ಅಪ್ಪ ಜೀಪ್ ಆಫ್ ಮಾಡು ಅಂತ ಕೂಗುತ್ತಿದ್ದಾರೆ.