ಗೇಮ್ ಕಾಮೆಂಟರಿ ಚಾನೆಲ್: ಅರ್ಧ ನಿಮಿಷಕ್ಕೇ ಎಲ್ಲರೂ ಹೋಗಿಬಿಡ್ತಾರೆ, ಏನು ಸರಿಮಾಡ್ಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗೇಮ್ ಆಡ್ತಾ ಮಾತಾಡೋ ವಿಡಿಯೋಗಳ ಯೂಟ್ಯೂಬ್ ಚಾನೆಲ್ ಹೊಸದಾಗಿ ಶುರು ಮಾಡಿದ್ದೀನಿ. ಸದ್ಯಕ್ಕೆ ಮೈನ್‌ಕ್ರಾಫ್ಟ್ ಸರ್ವೈವಲ್ (ನೆಲ ಅಗೆದು ಸಾಮಾನು ಕೂಡಿಸಿ, ಸಾಯದೇ ಉಳಿಯೋ ಆಟ) ಸರಣಿ ನಡೀತಿದೆ. ಒಂದೊಂದು ಎಪಿಸೋಡ್ ಹತ್ತಿರ ಹತ್ತಿರ ನಲವತ್ತು ನಿಮಿಷ ಇರುತ್ತೆ. ಓಬಿಎಸ್ ಅನ್ನೋ ಸ್ಕ್ರೀನ್ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡ್ತೀನಿ, ಮೈಕ್ ಅಂದ್ರೆ ಹೆಡ್‌ಸೆಟ್‌ದೇ. ಎಡಿಟಿಂಗ್ ಅಂತ ದೊಡ್ಡದಾಗಿ ಏನೂ ಮಾಡಲ್ಲ, ಮೊದಲು ಕೊನೆ ಕತ್ತರಿಸಿ ಅಪ್‌ಲೋಡ್ ಮಾಡ್ತೀನಿ. ಅನಲಿಟಿಕ್ಸ್ ತೆಗೆದು ನೋಡಿದ್ರೆ ಅರ್ಧ ನಿಮಿಷ ಆಗೋಷ್ಟರಲ್ಲಿ ಮುಕ್ಕಾಲು ಪಾಲು ಜನ ಹೋಗಿರ್ತಾರೆ. ಒಳ್ಳೆ ಮೈಕ್ ತಗೋಬೇಕಾ? ಮುಖ ತೋರಿಸ್ಬೇಕಾ? ಬೇರೆ ಗೇಮ್ ಆಡ್ಬೇಕಾ? ಈ ಕೆಲಸ ಬಲ್ಲವರು ಮೂರನೇ ಎಪಿಸೋಡ್ ಒಂದು ಸಲ ನೋಡಿ ಹೇಳಿದ್ರೆ ಉಪಕಾರ ಆಗುತ್ತೆ.

ಉತ್ತರ

ಗೇಮಿಂಗ್ ಚಾನೆಲ್‌ಗಳಿಗೆ ವಿಡಿಯೋ ಎಡಿಟ್ ಮಾಡೋದು ನನ್ನ ವೃತ್ತಿ. ನಿಮ್ಮ ಎಪಿಸೋಡ್ ಪೂರ್ತಿ ನೋಡಿದೆ. ನೀವು ಕೇಳಿದ ಮೂರಕ್ಕೂ ಮೊದಲು ಉತ್ತರ ಹೇಳಿಬಿಡ್ತೀನಿ: ಮೈಕ್ ಈಗಲೇ ಬೇಡ, ಮುಖ ಈಗಲೇ ಬೇಡ, ಗೇಮ್ ಬದಲಾಯಿಸೋದಂತೂ ಬೇಡವೇ ಬೇಡ. ಬದಲಾಗಬೇಕಿರೋದು ನಿಮ್ಮ ಮಾತು.

ಗುಹೆಗೆ ಇಳಿಯೋ ಭಾಗವನ್ನ ಮತ್ತೆ ಹಾಕಿ ಕೇಳಿ. ನೀವು ಹೇಳ್ತಿರೋದು ಇಷ್ಟು: "ಈಗ ಕೆಳಗೆ ಹೋಗ್ತಾ ಇದ್ದೀನಿ. ಇಲ್ಲಿ ಕಬ್ಬಿಣ ಇದೆ. ತಗೊಂಡೆ. ಇಲ್ಲೊಂದು ಟಾರ್ಚ್ ಇಡೋಣ. ಓ, ಇಲ್ಲಿ ಲಾವಾ ಇದೆ." ಇದಿಷ್ಟೂ ನೋಡೋರಿಗೆ ಕಾಣ್ತಾನೇ ಇದೆ. ಕಣ್ಣಿಗೆ ಕಂಡಿದ್ದನ್ನೇ ಕಿವಿಗೂ ಹೇಳಿದ್ರೆ ಕಿವಿಗೆ ಕೆಲಸ ಇರಲ್ಲ. ಕ್ರಿಕೆಟ್‌ನಲ್ಲಿ ರೇಡಿಯೋ ಕಾಮೆಂಟರಿಗೂ ಟಿವಿ ಕಾಮೆಂಟರಿಗೂ ಇರೋ ವ್ಯತ್ಯಾಸ ಇದೇ. ಚೆಂಡು ಎಲ್ಲಿ ಹೋಯ್ತು ಅಂತ ರೇಡಿಯೋದವರು ಹೇಳಲೇಬೇಕು. ಟಿವಿಯವರು ಹೇಳಬೇಕಾದ್ದು ಫೀಲ್ಡರ್‌ನ ಅಲ್ಲಿ ಯಾಕೆ ನಿಲ್ಲಿಸಿದ್ರು ಅನ್ನೋದನ್ನ.

ಈಗ ಲಾವಾ ಕಂಡ ಮೇಲಿನ ಮೂರು ನಾಲ್ಕು ಸೆಕೆಂಡ್ ಗಮನಿಸಿ. ಅಂಚಿನಲ್ಲಿ ನಿಂತ್ರಿ, ಒಂದು ಸಲ ಬಂದ ದಾರಿ ಕಡೆ ತಿರುಗಿ ನೋಡಿದ್ರಿ, ಇನ್ವೆಂಟರಿ (ಹತ್ರ ಇರೋ ಸಾಮಾನಿನ ಚೀಲ) ತೆಗೆದು ಮುಚ್ಚಿದ್ರಿ, ಆಮೇಲೆ ಒಂದೊಂದೇ ಕಲ್ಲು ಇಟ್ಕೊಂಡು ದಾಟಿದ್ರಿ. ಇಡೀ ಎಪಿಸೋಡ್‌ನಲ್ಲಿ ನನಗೆ ಅತಿ ಇಷ್ಟ ಆಗಿದ್ದು ಆ ಜಾಗ. ಅಲ್ಲೇ ನೀವು ಮಾತು ನಿಲ್ಲಿಸಿದ್ದೀರಿ! ಆಗ ತಲೆಯಲ್ಲಿ ಓಡಿದ್ದನ್ನ ಬಾಯಿಬಿಟ್ಟು ಹೇಳಿದ್ರೆ ಹೇಗಿರ್ತಿತ್ತು ನೋಡಿ: "ವಜ್ರ ನನ್ನ ಹತ್ರಾನೇ ಇದೆ. ಬೇರೆ ಎಲ್ಲಾದ್ರೂ ಸತ್ರೆ ಐದು ನಿಮಿಷದೊಳಗೆ ಓಡಿ ಬಂದು ಸಾಮಾನು ಎತ್ಕೋಬಹುದು. ಇಲ್ಲಿ ಬಿದ್ರೆ ಲಾವಾದಲ್ಲಿ ಎಲ್ಲಾ ಸುಟ್ಟುಹೋಗುತ್ತೆ, ಎತ್ಕೊಳ್ಳೋಕೆ ಏನೂ ಇರಲ್ಲ. ವಾಪಸ್ ಹೋಗಿ ಪೆಟ್ಟಿಗೇಲಿ ಇಟ್ಟು ಬರ್ಲಾ? ಬೇಡ, ದಾಟ್ತೀನಿ." ಇಷ್ಟು ಕೇಳಿದೋರು ನೀವು ಆ ಕಡೆ ಮುಟ್ಟೋವರೆಗೂ ಕದಲಲ್ಲ. ಏನು ಕಳ್ಕೊಳ್ಳಬಹುದು ಅಂತ ಅವರಿಗೆ ಗೊತ್ತಾಯ್ತು, ನಿಮ್ಮ ತೀರ್ಮಾನ ಸರಿಯೋ ತಪ್ಪೋ ಅಂತ ಅವರೂ ಮನಸ್ಸಲ್ಲೇ ವಾದ ಮಾಡ್ತಿರ್ತಾರೆ.

ಅಭ್ಯಾಸಕ್ಕೆ ಒಂದೇ ನಿಯಮ ಇಟ್ಕೊಳ್ಳಿ: ಕೈ ಆಡೋ ಮೊದಲು ಬಾಯಿ ಆಡಲಿ. ಮಾಡಿದ ಮೇಲೆ "ಮಾಡಿದೆ" ಅನ್ನೋದು ವರದಿ. ಮಾಡೋ ಮೊದಲು "ಯಾಕೆ ಮಾಡ್ತೀನಿ" ಅನ್ನೋದು ಕಾಮೆಂಟರಿ.

ಇನ್ನು ಆ ಅರ್ಧ ನಿಮಿಷ. ನಿಮ್ಮ ವಿಡಿಯೋ ಸ್ವಾಗತದಿಂದ ಶುರುವಾಗುತ್ತೆ, ಆಮೇಲೆ ಲೋಗೋ, ಆಮೇಲೆ ಸಬ್‌ಸ್ಕ್ರೈಬ್ ಮಾಡಿ ಅನ್ನೋ ಮಾತು, ಆಮೇಲೆ ಹೋದ ಎಪಿಸೋಡ್‌ನಲ್ಲಿ ಏನಾಯ್ತು ಅಂತ. ಗೇಮ್ ಶುರುವಾಗೋಷ್ಟರಲ್ಲಿ ನಲವತ್ತು ಸೆಕೆಂಡ್ ಆಗಿರುತ್ತೆ. ಯೂಟ್ಯೂಬ್ ಸ್ಟುಡಿಯೋದ ರಿಟೆನ್ಶನ್ ಗ್ರಾಫ್‌ನಲ್ಲಿ (ಯಾವ ಕ್ಷಣಕ್ಕೆ ಎಷ್ಟು ಜನ ಇನ್ನೂ ನೋಡ್ತಿದ್ದಾರೆ ಅನ್ನೋ ಗ್ರಾಫ್) 30 ಸೆಕೆಂಡಿಗೆ ಎಷ್ಟು ಶೇಕಡಾ ಜನ ಉಳಿದಿದ್ದಾರೆ ಅಂತ ಪ್ರತ್ಯೇಕವಾಗೇ ತೋರಿಸ್ತಾರೆ. ನಿಮ್ಮಲ್ಲಿ ಹೋದವರು ಗೇಮ್ ನೋಡಿ ಹೋದವರಲ್ಲ, ಗೇಮ್ ಬರೋ ಮೊದಲೇ ಹೋದವರು. ಮೊದಲ ವಾಕ್ಯದಲ್ಲೇ ಇವತ್ತಿನ ಗುರಿ ಹೇಳಿ: "ನನ್ನ ಹತ್ರ ಇರೋದು ಒಂದೇ ಕಬ್ಬಿಣದ ಗುದ್ದಲಿ, ಅದು ಮುರಿಯೋ ಮೊದಲು ವಜ್ರ ಸಿಗ್ಲೇಬೇಕು." ಸ್ವಾಗತ, ಲೋಗೋ ಎರಡೂ ತೆಗೆದುಹಾಕಿ. ಸಬ್‌ಸ್ಕ್ರೈಬ್ ಮಾತು ಹೇಳಲೇಬೇಕು ಅನ್ಸಿದ್ರೆ ಏನಾದ್ರೂ ಒಳ್ಳೇದು ಘಟಿಸಿದ ಮೇಲೆ ಹೇಳಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಮೇಡಂ, ಇಷ್ಟು ಆಳವಾಗಿ ಯಾರಾದ್ರೂ ನೋಡ್ತಾರೆ ಅಂದ್ಕೊಂಡಿರ್ಲಿಲ್ಲ. ಎರಡು ಸಂದೇಹ ಇದೆ. ಕಾಮೆಂಟ್‌ಗಳಲ್ಲಿ "ಮಾತು ಕೇಳಿಸ್ತಿಲ್ಲ, ಗೇಮ್ ಸದ್ದೇ ಜಾಸ್ತಿ" ಅಂತಾರೆ. ನಾನು ರೆಕಾರ್ಡ್ ಮಾಡೋದು ರಾತ್ರಿ, ಮನೇಲಿ ಎಲ್ಲರೂ ಮಲಗಿರ್ತಾರೆ, ಗಟ್ಟಿಯಾಗಿ ಮಾತಾಡೋ ಹಾಗಿಲ್ಲ. ಇನ್ನೊಂದು, ನಲವತ್ತು ನಿಮಿಷ ಜಾಸ್ತಿ ಆಯ್ತಾ?

ಉತ್ತರ

ಗಟ್ಟಿಯಾಗಿ ಮಾತಾಡಬೇಕಿಲ್ಲ, ಮೈಕ್ ಹತ್ತಿರ ಬರಬೇಕು. ಹೆಡ್‌ಸೆಟ್ ಮೈಕನ್ನ ತುಟಿಯಿಂದ ಎರಡು ಬೆರಳಷ್ಟು ದೂರಕ್ಕೆ ತನ್ನಿ. ಆದ್ರೆ ನೇರ ಬಾಯಿ ಮುಂದೆ ಬೇಡ, ತುಟಿಯ ಮೂಲೆ ಕಡೆ ಇರಲಿ. ಎದುರಿಗಿಟ್ರೆ "ಪ", "ಬ" ಬಂದಾಗಲೆಲ್ಲ ಉಸಿರು ಬಡಿದು ಧಪ್ ಅನ್ನುತ್ತೆ. ಮೈಕ್ ಹತ್ತಿರ ಇದ್ರೆ ಗೇನ್ (ಮೈಕ್‌ಗೆ ಬಿದ್ದ ಸದ್ದನ್ನ ಎಷ್ಟು ಹಿಗ್ಗಿಸಬೇಕು ಅನ್ನೋದು) ಕಡಿಮೆ ಸಾಕು, ಗೇನ್ ಕಡಿಮೆ ಆದ್ರೆ ಫ್ಯಾನ್ ಸದ್ದು, ಕೀಬೋರ್ಡ್ ಸದ್ದು ತಾನಾಗೇ ಹಿಂದೆ ಸರಿಯುತ್ತೆ. ಓಬಿಎಸ್‌ನ ಮೀಟರ್‌ನಲ್ಲಿ ಮಾತಾಡುವಾಗ ಪಟ್ಟಿ ಹಳದಿಯಲ್ಲಿ ಆಡ್ತಿರಬೇಕು. ಆ ಹಳದಿ ಅಂದ್ರೆ ಮೈನಸ್ 20ರಿಂದ ಮೈನಸ್ 9 ಡೆಸಿಬೆಲ್. ಕೂಗಿದಾಗ ಕೆಂಪು ಮುಟ್ಟಿದ್ರೆ ಅಡ್ಡಿಯಿಲ್ಲ, ಸೊನ್ನೆಗೆ ಹೋಗಿ ಹೊಡೀಬಾರ್ದು. ಅಲ್ಲಿ ಒಡೆದ ದನಿಯನ್ನ ಆಮೇಲೆ ಪೂರ್ತಿ ಸರಿಮಾಡೋಕೆ ಆಗಲ್ಲ.

ಇದಕ್ಕಿಂತ ಮುಖ್ಯವಾದ ವಿಷಯ ಟ್ರ್ಯಾಕ್. ಈಗ ನಿಮ್ಮ ದನಿ, ಗೇಮ್ ಸದ್ದು ಎರಡೂ ಒಂದರಲ್ಲೇ ಕಲಸಿಹೋಗಿದೆ, ಹಾಗಾಗಿ ಎಡಿಟಿಂಗ್‌ನಲ್ಲಿ ಒಂದನ್ನ ಇಳಿಸಿದ್ರೆ ಇನ್ನೊಂದೂ ಇಳಿಯುತ್ತೆ. ಓಬಿಎಸ್ ಆರು ಟ್ರ್ಯಾಕ್‌ವರೆಗೂ ಬೇರೆ ಬೇರೆ ರೆಕಾರ್ಡ್ ಮಾಡುತ್ತೆ. ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಮೋಡನ್ನ ಅಡ್ವಾನ್ಸ್ಡ್ ಮಾಡಿ, ರೆಕಾರ್ಡಿಂಗ್ ಅಡಿಯಲ್ಲಿ 1, 2, 3 ಟಿಕ್ ಮಾಡಿ. ಆಮೇಲೆ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ಗೆ ಹೋಗಿ 1ರಲ್ಲಿ ಎಲ್ಲಾ ಸೇರಿದ್ದು, 2ರಲ್ಲಿ ಮೈಕ್ ಮಾತ್ರ, 3ರಲ್ಲಿ ಗೇಮ್ ಮಾತ್ರ ಬರೋ ಹಾಗೆ ಮಾಡಿ. ಎಡಿಟ್ ಮಾಡುವಾಗ 2, 3 ಬಳಸಿ. ಫೈಲ್ ಎಂಕೆವಿ ಅನ್ನೋ ವಿಡಿಯೋ ಫಾರ್ಮ್ಯಾಟ್‌ನಲ್ಲಿರಲಿ, ಮಧ್ಯದಲ್ಲಿ ಕಂಪ್ಯೂಟರ್ ಕೈಕೊಟ್ರೂ ಅಲ್ಲಿವರೆಗಿನ ರೆಕಾರ್ಡಿಂಗ್ ಉಳಿಯುತ್ತೆ. ಎಡಿಟರ್‌ಗೆ ಎಂಪಿ4 ಬೇಕಿದ್ರೆ ಓಬಿಎಸ್‌ನಲ್ಲೇ ರೀಮಕ್ಸ್ (ಫೈಲ್‌ನ ಫಾರ್ಮ್ಯಾಟ್ ಮಾತ್ರ ಬದಲಾಯಿಸೋದು) ಇದೆ, ಕ್ವಾಲಿಟಿ ಒಂಚೂರೂ ಹೋಗಲ್ಲ.

ಎಡಿಟಿಂಗ್‌ನಲ್ಲಿ ಅಷ್ಟು ಹೊತ್ತು ಕೂರೋಕೆ ಆಗಲ್ಲ ಅಂದ್ರೆ ಡಕಿಂಗ್ ಹಾಕಿ. ಗೇಮ್ ಸದ್ದಿನ ಮೂಲಕ್ಕೆ ಕಂಪ್ರೆಸರ್ (ಸದ್ದನ್ನ ತಗ್ಗಿಸೋ) ಫಿಲ್ಟರ್ ಸೇರಿಸಿ, ಸೈಡ್‌ಚೈನ್ ಅನ್ನೋ ಕಡೆ ನಿಮ್ಮ ಮೈಕ್ ಆರಿಸಿ. ನೀವು ಬಾಯಿ ತೆಗೆದಾಗ ಗೇಮ್ ತಾನಾಗೇ ತಗ್ಗುತ್ತೆ, ಸುಮ್ಮನಾದಾಗ ಮೇಲೆ ಬರುತ್ತೆ. ತೀರಾ ಜಾಸ್ತಿ ತಗ್ಗಿಸಬೇಡಿ, ಕ್ರೀಪರ್ (ಹತ್ತಿರ ಬಂದು ಸಿಡಿಯೋ ಶತ್ರು) ಬೆನ್ನ ಹಿಂದೆ ಬಂದು ಬುಸ್ ಅನ್ನೋದು ಕೇಳಿಸ್ಲೇಬೇಕು. ಆ ಸದ್ದು ಬಂದಾಗ ನೀವೂ ಮಾತು ನಿಲ್ಲಿಸಿ. ಮಾತು ನಿಲ್ಲಿಸಬೇಕಾದ ಜಾಗವೂ ಕಾಮೆಂಟರಿಯೇ.

ಕೊನೆಗೆ ಒಟ್ಟು ವಾಲ್ಯೂಮ್. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನೋದರ ಅಳತೆ) ಜೋರಾಗಿರೋ ವಿಡಿಯೋವನ್ನ ಪ್ಲೇ ಮಾಡುವಾಗ ಇಳಿಸುತ್ತೆ, ಮೆತ್ತಗಿರೋದನ್ನ ಆ ಮಟ್ಟಕ್ಕೆ ಎತ್ತಿ ಕೊಡಲ್ಲ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆಗೆದ್ರೆ ಕಂಟೆಂಟ್ ಲೌಡ್‌ನೆಸ್ ಅಂತ ಕಾಣುತ್ತೆ. ನಿಮ್ಮದು ಮೈನಸ್ 11 ಡೆಸಿಬೆಲ್ ತೋರಿಸ್ತಿದೆ, ಅಂದ್ರೆ ಅಷ್ಟು ಮೆತ್ತಗಿದೆ. ಜನ ಬೇರೆ ಚಾನೆಲ್‌ನಿಂದ ನಿಮ್ಮಲ್ಲಿಗೆ ಬಂದ ಕೂಡಲೇ ದನಿ ಕುಸಿದುಬೀಳುತ್ತೆ.

ಉದ್ದದ ಬಗ್ಗೆ: ನಲವತ್ತು ನಿಮಿಷ ತಪ್ಪಲ್ಲ, ಅದರಲ್ಲಿ ಹದಿನೈದು ನಿಮಿಷ ನೀವು ಸುಮ್ಮನೆ ಕಲ್ಲು ಕಡೀತಿರೋದು ಕಷ್ಟ. ಹೋಗೋದು, ಬರೋದು, ಕಡಿಯೋದು, ಪೆಟ್ಟಿಗೆ ಜೋಡಿಸೋದು ಕತ್ತರಿಸಿ. ತೀರ್ಮಾನ, ಅದಕ್ಕೆ ಮುಂಚಿನ ಅಳುಕು, ಅದರ ಫಲ ಉಳಿಸಿ. ಇಪ್ಪತ್ತಕ್ಕೆ ಇಳಿಯುತ್ತೋ ಹದಿನೆಂಟಕ್ಕೋ ಲೆಕ್ಕ ಬೇಡ.

ಇನ್ನೊಬ್ಬ ಸದಸ್ಯರು

ಮುಖ ಬೇಡ ಅಂದಿದ್ದು ನನಗೆ ಒಪ್ಪಿಗೆ ಆಗ್ಲಿಲ್ಲ. ಮುಖ ಕಂಡ್ರೇನೇ ಜನಕ್ಕೆ ನಂಟು ಬೆಳೆಯೋದು. ದೊಡ್ಡ ದೊಡ್ಡ ಚಾನೆಲ್‌ಗಳಲ್ಲೆಲ್ಲ ಮೂಲೇಲಿ ಮುಖ ಇದ್ದೇ ಇರುತ್ತಲ್ಲ?

ಉತ್ತರ

ಮುಖದಿಂದ ಅನುಕೂಲ ಇದೆ, ನಾನು ಇಲ್ಲ ಅನ್ನಲ್ಲ. ಭಯದ ಗೇಮ್‌ಗಳಲ್ಲಂತೂ ಬೆಚ್ಚಿಬೀಳೋ ಮುಖಕ್ಕೇ ಅರ್ಧ ಬೆಲೆ. ಆದ್ರೆ ಅದಕ್ಕೆ ಬೆಳಕು ಬೇಕು, ಕ್ಯಾಮೆರಾ ಬೇಕು, ಎಡಿಟಿಂಗ್‌ನಲ್ಲಿ ಇನ್ನೊಂದು ಪದರ ಸೇರುತ್ತೆ. ಮಾತು ಇನ್ನೂ ಕುದುರದೇ ಇರುವಾಗ ಗಮನ ಅಲ್ಲಿಗೆ ಹೋದ್ರೆ ಎರಡೂ ಅರ್ಧಂಬರ್ಧ. ಡ್ರೀಮ್ ಅನ್ನೋ ಹೆಸರಿನ ಮೈನ್‌ಕ್ರಾಫ್ಟ್ ಯೂಟ್ಯೂಬರ್ 2022ರ ಅಕ್ಟೋಬರ್‌ನಲ್ಲಿ ಮೊದಲ ಸಲ ಮುಖ ತೋರಿಸಿದ್ದು, ಅಷ್ಟು ಹೊತ್ತಿಗೆ ಕೋಟಿಗಟ್ಟಲೆ ಸಬ್‌ಸ್ಕ್ರೈಬರ್‌ಗಳು ಇದ್ದರು. ದನಿಯಿಂದಲೇ ನಂಟು ಬೆಳೆಯುತ್ತೆ.

ಮತ್ತೊಬ್ಬರು

ನನ್ನ ಸಮಸ್ಯೆ ಬೇರೆ. ಖಾಲಿ ಕೋಣೇಲಿ ಒಬ್ಬಳೇ ಕೂತು ಮಾತಾಡೋಕೆ ನಾಚಿಕೆ ಆಗುತ್ತೆ. ಆಡಿದ ಮೇಲೆ, ಆಮೇಲೆ ನಿಧಾನವಾಗಿ ದನಿ ಸೇರಿಸಿದ್ರೆ ಆಗಲ್ವಾ?

ಉತ್ತರ

ಆಗುತ್ತೆ, ಚೆನ್ನಾಗೇ ಆಗುತ್ತೆ. ಸ್ಪೀಡ್‌ರನ್ (ಗೇಮನ್ನ ಆದಷ್ಟು ಬೇಗ ಮುಗಿಸೋದು), ಸವಾಲಿನ ವಿಡಿಯೋ, ಗೇಮ್ ಒಳಗಿನ ಗುಟ್ಟುಗಳ ವಿವರಣೆ ಇದಕ್ಕೆಲ್ಲ ಬರೆದು ಓದೋದೇ ಮೇಲು. ಒಂದೇ ತೊಂದರೆ ಅಂದ್ರೆ ಗಾಬರಿ, ನಗು ಇವನ್ನ ಆಮೇಲೆ ತಂದ್ರೆ ಕೃತಕ ಅನ್ಸುತ್ತೆ. ಅದಕ್ಕೆ ಆಡುವಾಗಲೂ ಮೈಕ್ ಆನ್ ಇಟ್ಟಿರಿ. ಹತ್ತು ಮಾತು ತಾನಾಗೇ ಬಂದಿದ್ರೂ ಸಾಕು, ಅವನ್ನ ಇದ್ದ ಹಾಗೇ ಉಳಿಸಿ, ನಡುವಿನ ಜಾಗಕ್ಕೆ ಬರೆದಿದ್ದನ್ನ ತುಂಬಿ. ಒಂದು ಮಾತು ನೆನಪಿರಲಿ: ಎರಡೂ ಸಲ ಅದೇ ಮೈಕ್, ಅದೇ ದೂರ. ಇಲ್ಲದಿದ್ರೆ ದನಿ ಬದಲಾಗೋದು ಪ್ರತಿ ಸಲ ಕಿವಿಗೆ ಚುಚ್ಚುತ್ತೆ.

ನಾಚಿಕೆ ಹೋಗೋಕೆ ದಾರಿ: ಈ ಗೇಮ್ ಆಡದ, ಆದ್ರೆ ನಿಮ್ಮ ಮಾತು ಕೇಳೋ ಒಬ್ಬ ಗೆಳತಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಆಡಿ. ಅವಳು "ಅದ್ಯಾಕೆ ಹಾಗೆ ಮಾಡ್ದೆ?" ಅಂತ ಎಲ್ಲೆಲ್ಲಿ ಕೇಳ್ತಾಳೋ ಗುರುತು ಹಾಕ್ಕೊಳ್ಳಿ. ಒಬ್ಬರೇ ಇರುವಾಗ ಮಾತಾಡಬೇಕಾದ ಜಾಗಗಳು ಅವೇ.

ಪ್ರಶ್ನೆ ಕೇಳಿದವರು

ಮೇಡಂ, ಟೈಟಲ್ ಬಗ್ಗೆ ಒಂದು ಮಾತು ಹೇಳಿ. ನಾನು "ಮೈನ್‌ಕ್ರಾಫ್ಟ್ ಎಪಿಸೋಡ್ 3" ಅಂತಷ್ಟೇ ಹಾಕ್ತಿದ್ದೆ.

ಉತ್ತರ

3 ಅಂತ ನೋಡಿದವರು 1, 2 ನೋಡಿಲ್ಲವಲ್ಲ ಅಂತ ಮುಂದೆ ಹೋಗ್ತಾರೆ. ಎಪಿಸೋಡ್ ಸಂಖ್ಯೆ ಕೊನೆಗೆ ಹಾಕಿ, ಅಥವಾ ಪ್ಲೇಲಿಸ್ಟ್‌ಗೆ ಬಿಡಿ. ಮುಂದೆ "ಒಂದೇ ಗುದ್ದಲಿ, ಲಾವಾ ಮೇಲೆ ವಜ್ರ" ಅನ್ನೋ ಥರ ಆ ದಿನದ ಸಂಗತಿ ಬರಲಿ. ಥಂಬ್‌ನೇಲ್ 1280 x 720 ಅಳತೆ, ಬಲಗಡೆ ಕೆಳಮೂಲೇಲಿ ಅಕ್ಷರ ಬೇಡ, ಅಲ್ಲಿ ಯೂಟ್ಯೂಬ್ ವಿಡಿಯೋ ಅವಧಿ ಬಂದು ಕೂರುತ್ತೆ. ಫೋನಲ್ಲಿ ಹೆಬ್ಬೆರಳಷ್ಟು ಕಾಣುವಾಗಲೂ ಓದೋಕೆ ಆಗ್ಬೇಕು. ಟೈಟಲ್‌ನಲ್ಲಿ ಹೇಳಿದ್ದು ವಿಡಿಯೋದಲ್ಲಿ ಆಗಲೇಬೇಕು, ಅದರಲ್ಲಿ ರಾಜಿ ಬೇಡ.

ಹೊಸ ಸದಸ್ಯರು

ಕಾರ್ ಓಡಿಸೋ ಗೇಮ್ ಆಡ್ತೀನಿ, ಗೇಮ್ ರೇಡಿಯೋದಲ್ಲಿ ಬಂದ ಹಾಡಿಗೆ ಕ್ಲೇಮ್ ಬಂತು. ಚಾನೆಲ್ ಹೋಗುತ್ತಾ? ದುಡ್ಡು ಯಾವಾಗ ಬರುತ್ತೆ?

ಉತ್ತರ

ಹೆದರಬೇಡಿ. ಕಂಟೆಂಟ್ ಐಡಿ ಕ್ಲೇಮ್ (ವಿಡಿಯೋದಲ್ಲಿ ಬೇರೆಯವರ ಹಾಡು ಇದೆ ಅಂತ ಯೂಟ್ಯೂಬ್ ತಾನಾಗೇ ಗುರುತಿಸೋದು) ಬೇರೆ, ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಚಾನೆಲ್ ಮೇಲೆ ಬೀಳೋ ಎಚ್ಚರಿಕೆ) ಬೇರೆ. ಕ್ಲೇಮ್ ಬಂದ್ರೆ ಸಾಮಾನ್ಯವಾಗಿ ಆ ವಿಡಿಯೋದ ಜಾಹೀರಾತು ಹಣ ಹಾಡಿನ ಒಡೆಯರಿಗೆ ಹೋಗುತ್ತೆ, ಇಲ್ಲಾ ಕೆಲವು ಕಡೆ ವಿಡಿಯೋ ಕಾಣಲ್ಲ. ಚಾನೆಲ್‌ಗೆ ಕುತ್ತು ಬರೋದು 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ರೆ. ಗೇಮ್ ಸೆಟ್ಟಿಂಗ್ಸ್‌ನಲ್ಲಿ ರೇಡಿಯೋ ಆಫ್ ಮಾಡಿ. ಸೈಬರ್‌ಪಂಕ್ 2077 ಥರದ ಗೇಮ್‌ಗಳಲ್ಲಿ ಕಾಪಿರೈಟ್ ಇರೋ ಹಾಡುಗಳನ್ನ ಮಾತ್ರ ತೆಗೆಯೋ ಆಯ್ಕೆಯೇ ಇದೆ. ನಿಮ್ಮ ಗೇಮ್ ತಯಾರಕರು ವಿಡಿಯೋ ಬಗ್ಗೆ ಏನು ನಿಯಮ ಇಟ್ಟಿದ್ದಾರೆ ಅಂತಾನೂ ಓದಿ. ನಿಂಟೆಂಡೋ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಸ್ವಂತ ಕಾಮೆಂಟರಿಯಂಥ ಸೃಜನಶೀಲ ಕೊಡುಗೆ ಇದ್ರೆ ಹಣ ಮಾಡಬಹುದು, ಬರೀ ಆಟ ಇದ್ದ ಹಾಗೇ ಹಾಕೋದು ಬೇಡ ಅಂತ ಹೇಳಿತ್ತು.

ಜಾಹೀರಾತು ಹಣಕ್ಕೆ 1,000 ಸಬ್‌ಸ್ಕ್ರೈಬರ್, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಅಷ್ಟಾದ ಮೇಲೂ ಯೂಟ್ಯೂಬ್‌ನವರು ಚಾನೆಲ್ ಪರಿಶೀಲನೆ ಮಾಡ್ತಾರೆ. ಮಾತೇ ಇಲ್ಲದ ಉದ್ದುದ್ದ ಗೇಮ್‌ಪ್ಲೇ ತುಂಬಿದ್ರೆ ಅಲ್ಲಿ ಅರ್ಜಿ ತಿರಸ್ಕಾರ ಆಗಬಹುದು. ಹಾಗಾಗಿ ಕ್ಲೇಮ್ ಬಂದ ವಿಡಿಯೋ ಸದ್ಯಕ್ಕೆ ಹಾಗೇ ಇರಲಿ, ಮುಂದಿನದಕ್ಕೆ ರೇಡಿಯೋ ಆಫ್ ಮಾಡಿ ಮೈಕ್ ಟ್ರ್ಯಾಕ್ ಬೇರೆ ಮಾಡಿ ರೆಕಾರ್ಡ್ ಮಾಡಿ. ಮೊದಲ ಎರಡು ನಿಮಿಷ ಇಲ್ಲಿ ಹಾಕಿ, ಕೇಳಿ ಹೇಳ್ತೀನಿ.