ಕ್ರೈಸ್ತ ಕಾಲೇಜಿನ ತರಗತಿಯಲ್ಲಿ ಲೈಂಗಿಕತೆಯ ಕುರಿತು ಮಾತನಾಡುವುದು ಹೇಗೆ?

ಉಪನ್ಯಾಸಕಿ, ಅಂಧೇರಿ:
ಮುಂಬೈಯ ಪಶ್ಚಿಮ ಉಪನಗರದ ಕ್ಯಾಥೊಲಿಕ್ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಹನ್ನೊಂದನೆಯ ತರಗತಿಯಿಂದ ಪದವಿಯವರೆಗಿನ ವಿದ್ಯಾರ್ಥಿಗಳೊಂದಿಗೆ ಲೈಂಗಿಕತೆ ಮತ್ತು ಪ್ರೇಮ ಸಂಬಂಧಗಳ ಕುರಿತು ಮಾತನಾಡುವ ಹೊಣೆಯನ್ನು ನಮ್ಮ ಪ್ರಾಂಶುಪಾಲ ಫಾದರ್ ನನಗೆ ವಹಿಸಿದ್ದಾರೆ. ತರಗತಿಯಲ್ಲಿ ಮಂಗಳೂರು ಮೂಲದ ಕ್ರೈಸ್ತರಷ್ಟೇ ಅಲ್ಲ, ಬಂಟರ, ಮರಾಠರ, ಮುಸ್ಲಿಮರ ಮಕ್ಕಳೂ ಇದ್ದಾರೆ. ಅವರು ಹೆಸರಿಲ್ಲದೆ ಬರೆದುಕೊಟ್ಟ ಚೀಟಿಗಳಲ್ಲಿ ಗರ್ಭನಿರೋಧಕಗಳ ಪ್ರಶ್ನೆಯಿದೆ, ಸಲಿಂಗ ಪ್ರೇಮದ ಪ್ರಶ್ನೆಯಿದೆ, ಬೇಡವೆಂದರೂ ಬಿಡದ ಗೆಳೆಯನ ಕುರಿತ ಅಳಲೂ ಇದೆ. ಚರ್ಚಿನ ಬೋಧನೆಯನ್ನು ತಿರುಚದೆ, ಈ ಪ್ರಶ್ನೆಗಳಿಂದ ನುಣುಚಿಕೊಳ್ಳದೆ ಉತ್ತರಿಸುವುದು ಹೇಗೆ?

ನಿವೃತ್ತ ಅಧ್ಯಾಪಕ, ಪುಣೆ:
ಮೇಡಂ, ಮೊದಲಿಗೆ ಅಳುಕು ಬೇಡ. ಮಕ್ಕಳು ಬೆಳೆದಂತೆ ಅವರಿಗೆ ವಿವೇಕಯುತವಾದ ಲೈಂಗಿಕ ಶಿಕ್ಷಣ ದೊರೆಯಬೇಕೆಂದು ಜಗತ್ತಿನ ಕ್ಯಾಥೊಲಿಕ್ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ಹೇಳಿದೆ. ಪೋಪ್ ಫ್ರಾನ್ಸಿಸ್ ಅವರೂ 2016ರ ತಮ್ಮ ಪ್ರಬೋಧನಾ ಪತ್ರದಲ್ಲಿ ಅದರ ಅಗತ್ಯವನ್ನು ಒತ್ತಿ ಹೇಳಿದ್ದಾರೆ. ದೈಹಿಕ ಸಂಬಂಧಕ್ಕೆ ವಿವಾಹದೊಳಗೆ ಮಾತ್ರ ಸ್ಥಾನವಿದೆ, ಕೃತಕ ಗರ್ಭನಿರೋಧ ಸಲ್ಲದು ಎಂಬುದು ಚರ್ಚಿನ ಬೋಧನೆ. ಅದನ್ನು ಚರ್ಚಿನ ಮಾತೆಂದೇ, ಅದರ ಕಾರಣಗಳೊಂದಿಗೆ ಗೌರವದಿಂದ ತಿಳಿಸಿ. ಆದರೆ ಆ ಬೋಧನೆಗೆ ಬಲ ಕೊಡಲೆಂದು ಕಾಂಡೋಮ್ ರೋಗವನ್ನು ತಡೆಯುವುದೇ ಇಲ್ಲ ಎಂಬಂಥ ಸುಳ್ಳನ್ನು ಹೇಳಬಾರದು. ಹೆದರಿಸಿ ಕಾಪಾಡುತ್ತೇವೆಂದು ಹೊರಟವರು ಮಕ್ಕಳ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. ಆಮೇಲೆ ಅವರು ಮೊಬೈಲನ್ನೇ ಗುರುವಾಗಿಸಿಕೊಳ್ಳುತ್ತಾರೆ.

ವಕೀಲೆ, ಮಡಗಾಂವ್:
ಜೂನಿಯರ್ ಕಾಲೇಜಿನವರನ್ನೂ ಪದವಿಯವರನ್ನೂ ಒಟ್ಟಿಗೆ ಕೂರಿಸಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರ ಸಮ್ಮತಿಗೆ ಮಾನ್ಯತೆಯಿಲ್ಲ, ಅಪರಾಧ ನಡೆದಿದೆಯೆಂದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳಿಗೆ "ಏನು ಹೇಳಿದರೂ ಗುಟ್ಟಾಗಿರುತ್ತದೆ" ಎಂಬ ಭರವಸೆ ಕೊಡಬೇಡಿ; ನಿಮ್ಮ ಮಿತಿಯನ್ನು ಮೊದಲೇ ತಿಳಿಸಿಬಿಡಿ, ಮನಬಿಚ್ಚಿ ಹೇಳಿಕೊಂಡ ಮೇಲೆ ತಿಳಿದರೆ ಅವರಿಗೆ ಮೋಸವಾದಂತಾಗುತ್ತದೆ. ಬಿಡದ ಗೆಳೆಯನ ಚೀಟಿ ನನ್ನನ್ನು ಬಹಳ ಕಾಡಿತು. ಬರೆದವಳು ಯಾರೆಂದು ಹುಡುಕಲು ಹೋಗದೆ, ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಕಾಲೇಜಿನ ಆಂತರಿಕ ದೂರು ಸಮಿತಿಗೆ ವಿದ್ಯಾರ್ಥಿಗಳೂ ದೂರು ಕೊಡಬಹುದೆಂದು ಇಡೀ ತರಗತಿಗೆ ತಿಳಿಸಿ, ಸದಸ್ಯರ ಹೆಸರನ್ನೂ ಹೇಳಿ.

ಹಳೆಯ ವಿದ್ಯಾರ್ಥಿ, ವಸಾಯಿ:
ನಾನು ಕ್ಯಾಥೊಲಿಕ್, ಸಲಿಂಗಿ. ನಾನು ಓದಿದ ಕಾಲೇಜಿನಲ್ಲಿ ಈ ವಿಷಯ ಬಂದಾಗ ಮೌನ, ಇಲ್ಲವೇ ನಗು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಅಂಥ ಸಂಬಂಧವನ್ನು ಚರ್ಚು ಒಪ್ಪುವುದಿಲ್ಲ ನಿಜ. ಆದರೆ ನಮ್ಮಂಥವರನ್ನು ಗೌರವದಿಂದಲೂ ಸಹಾನುಭೂತಿಯಿಂದಲೂ ಕಾಣಬೇಕು, ಅನ್ಯಾಯದ ತಾರತಮ್ಯ ಕೂಡದು ಎಂದೂ ಅದರ ಧರ್ಮಬೋಧೆಯೇ ಹೇಳುತ್ತದೆ. ಮೊದಲ ಮಾತನ್ನಷ್ಟೇ ಹೇಳಿ ಎರಡನೆಯದನ್ನು ನುಂಗಬೇಡಿ ಮೇಡಂ. ಯಾರಾದರೂ ನಿಮ್ಮಲ್ಲಿ ಹೇಳಿಕೊಂಡರೆ ಮನೆಯವರಿಗೆ ಫೋನ್ ಮಾಡಬೇಡಿ, ಚಿಕಿತ್ಸೆಯಿಂದ ಸಲಿಂಗ ಒಲವನ್ನೇ ಬದಲಿಸುತ್ತೇವೆನ್ನುವ 'ಸರಿಪಡಿಸುವವರ' ಬಳಿಗೂ ಕಳುಹಿಸಬೇಡಿ. ಅಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆಯೆಂದು ಹೇಳಿದೆ.

ಉಪನ್ಯಾಸಕಿ, ಅಂಧೇರಿ:
ಎಲ್ಲರಿಗೂ ಕೃತಜ್ಞತೆಗಳು. ತರಗತಿಗಳನ್ನು ಬೇರ್ಪಡಿಸಲು ಫಾದರ್ ಅವರನ್ನು ಕೇಳಿಕೊಳ್ಳುತ್ತೇನೆ. ಧರ್ಮಬೋಧೆಯ ಎರಡೂ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ವಕೀಲರಲ್ಲಿ ಇನ್ನೊಂದು ಪ್ರಶ್ನೆ: ಜೂನಿಯರ್ ಕಾಲೇಜಿನ ಪೋಷಕರಿಗೆ ಮುಂಚಿತವಾಗಿ ಪತ್ರ ಬರೆಯುವುದು ಒಳಿತೇ, ಅಥವಾ ಅದರಿಂದ ಮಕ್ಕಳು ಬಾಯಿ ಬಿಡಲು ಹಿಂಜರಿಯುವರೇ?