ಏಯ್ಟ್ ಮೈಲ್ ರಸ್ತೆ ದಾಟಿದರೆ ಶಾಲೆ ಯಾಕೆ ಇಷ್ಟು ಬೇರೆ?

ಹಾಸನದವಳು:
ನಾವು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಡೆಟ್ರಾಯ್ಟ್ ಪಕ್ಕದ ಒಂದು ಊರಿಗೆ ಬಂದು ಎರಡು ವರ್ಷ ಆಯಿತು. ಮನೆ ಹುಡುಕುವಾಗ ಎಲ್ಲರದ್ದೂ ಒಂದೇ ಮಾತು: "ಏಯ್ಟ್ ಮೈಲ್ ದಾಟಬೇಡಿ, ಆ ಕಡೆ ಶಾಲೆ ಚೆನ್ನಾಗಿಲ್ಲ." ಆ ರಸ್ತೆಯೇ ಡೆಟ್ರಾಯ್ಟ್ ನಗರದ ಉತ್ತರದ ಗಡಿ. ನಾವೂ ದಾಟಲಿಲ್ಲ. ಈಗ ಪ್ರತಿ ಶನಿವಾರ ಆ ಕಡೆಯ ಮಕ್ಕಳಿಗೆ ಓದು ಹೇಳಿಕೊಡಲು ಹೋಗುತ್ತಿದ್ದೇನೆ. ಕೋಣೆ ತುಂಬ ಕಪ್ಪು ಮಕ್ಕಳೇ. ನನ್ನ ಮಗನ ಕ್ಲಾಸಿನಲ್ಲಿ ಒಬ್ಬರೂ ಇಲ್ಲ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕಥೆ ಪುಸ್ತಕ ಮನೆಗೆ ಒಯ್ಯಲಾ ಅಂದಳು. ಇದ್ದದ್ದೇ ಒಂದು, ಬೆನ್ನಿಗೆ ಹಾಕಿದ ಟೇಪ್ ಹಳದಿಯಾಗಿತ್ತು. ಬೇಡ ಎನ್ನಬೇಕಾಯಿತು. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇಡುವುದು ತಪ್ಪು ಎಂದು 1954ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು ಅಲ್ವಾ?

ನೋವೈ ಕನ್ನಡಿಗ:
ಹೇಳಿತ್ತು ಅಕ್ಕಾ. ಆದರೆ ಇಲ್ಲಿ ಕೈ ಕೊಟ್ಟದ್ದು 1974ರ ಮಿಲಿಕೆನ್ ತೀರ್ಪು. ಡೆಟ್ರಾಯ್ಟ್ ಜೊತೆ ಸುತ್ತಲಿನ 53 ಶಾಲಾ ಜಿಲ್ಲೆಗಳನ್ನೂ ಸೇರಿಸಿ, ಕಪ್ಪು, ಬಿಳಿ ಮಕ್ಕಳನ್ನು ಬಸ್ಸಿನಲ್ಲಿ ಕಳಿಸಿ ಶಾಲೆಗಳಲ್ಲಿ ಬೆರೆಸಿ ಎಂದು ಜಡ್ಜ್ ಸ್ಟೀಫನ್ ರಾಥ್ ಆದೇಶ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ 5–4ರಲ್ಲಿ ಅದನ್ನು ತಳ್ಳಿಹಾಕಿತು. ಹೊರಗಿನ ಊರುಗಳ ತಪ್ಪು ಸಾಬೀತಾಗಿಲ್ಲ, ಅವನ್ನು ಎಳೆಯುವಂತಿಲ್ಲ ಎಂದಿತು. 1954ರ ಕೇಸು ವಾದಿಸಿದ್ದ ಥರ್ಗುಡ್ ಮಾರ್ಷಲ್ ಅಷ್ಟರಲ್ಲಿ ಅದೇ ಕೋರ್ಟಿನ ಜಡ್ಜ್. ಈ ತೀರ್ಪನ್ನು ಅವರು ಒಪ್ಪಲಿಲ್ಲ. ಅದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು.

ಮಲೆನಾಡಿನ ಮೇಷ್ಟ್ರು:
ಬರ್‌ವುಡ್ ಬೀದಿಯ ಗೋಡೆ ನೋಡಿ ಬನ್ನಿ, ಡೆಟ್ರಾಯ್ಟ್ ಒಳಗೇ ಇದೆ. 1941ರದ್ದು, ಆರು ಅಡಿ ಎತ್ತರ, ಅರ್ಧ ಮೈಲಿ ಉದ್ದ. ಬಿಳಿಯರಿಗೆ ಮನೆ ಕಟ್ಟಲು ಹೊರಟವನಿಗೆ, ಪಕ್ಕದಲ್ಲಿ ಕಪ್ಪು ಜನ ಇದ್ದಾರೆಂದು ಫೆಡರಲ್ ಸರ್ಕಾರ ಸಾಲಕ್ಕೆ ಗ್ಯಾರಂಟಿ ಕೊಡಲಿಲ್ಲ. ನಡುವೆ ಗೋಡೆ ಎಬ್ಬಿಸಿದ ಮೇಲೆ ಕೊಟ್ಟಿತು! ನನ್ನ ಮಗಳು ಅದರ ಮೇಲೆ ಕೈಯಿಟ್ಟು, "ಅಪ್ಪಾ, ಇನ್ನೂ ಯಾಕೆ ಬಿಟ್ಟಿದ್ದಾರೆ?" ಅಂದಳು. ಈಗ ಅದರ ಮೇಲೆ ಬಣ್ಣದ ಚಿತ್ರಗಳಿವೆ.

ಇನ್ನು ದುಡ್ಡು. 1994ರಿಂದ ಮಿಶಿಗನ್‌ನಲ್ಲಿ ಶಾಲೆಯ ಸಂಬಳ, ದಿನದ ಖರ್ಚಿಗೆ ಜಾಸ್ತಿ ಹಣ ರಾಜ್ಯದಿಂದಲೇ ಬರುತ್ತದೆ. ಕಟ್ಟಡ, ಸೋರುವ ಮಾಡಿಗೆ ಮಾತ್ರ ಊರಿನ ಆಸ್ತಿ ತೆರಿಗೆಯೇ ಗತಿ. ಮನೆಗೆ ಬೆಲೆ ಇಲ್ಲದ ಕಡೆ ಎಷ್ಟು ತೆರಿಗೆ ಹುಟ್ಟೀತು?

ಇನ್ನೊಂದು ಮಾತು. ಹೊರಗಿನ ಮಕ್ಕಳಿಗೆ ಸೀಟು ಕೊಡಬೇಕಾ ಬೇಡವಾ ಎಂದು ಇಲ್ಲಿ ಆಯಾ ಊರಿನ ಶಾಲಾ ಮಂಡಳಿಯೇ ತೀರ್ಮಾನಿಸುತ್ತದೆ. ನಮ್ಮೂರಿನಲ್ಲಿ ಬೇಡ ಎಂದು ಎದ್ದು ನಿಂತವರಲ್ಲಿ ನಮ್ಮ ಜನವೂ ಇದ್ದರು.

ಹಾಸನದವಳು:
ಮೇಷ್ಟ್ರೇ, ನಮ್ಮೂರಲ್ಲೂ ಮುಂದಿನ ತಿಂಗಳು ಅದೇ ವಿಷಯಕ್ಕೆ ಮೀಟಿಂಗ್ ಇದೆ. ಸೀಟು ಕೊಡಿ ಎಂದು ಹೇಳಲು ಹೋಗುತ್ತೇನೆ. ಆ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತು. ಶನಿವಾರ ಅವಳಿಗೆ ಕೊಡುತ್ತೇನೆ.